ಸ್ವಿಚ್ಚು ಮಗುವಿನ ಕೈಲಿರಲಿ

ಆರನೇ ಸೆಮ್ ಮುಗಿಯೋ ಹೊತ್ತಿಗೆ ಎಲ್ಲ ಬ್ರಾಂಚಲ್ಲೂ ಪ್ರಾಜೆಕ್ಟ್ ಐಡಿಯಾ ಹುಡುಕಾಟ ಶುರುವಾಗುತ್ತೆ. ಆ ಪಟ್ಟಿಯಲ್ಲಿ ‘ಆಟಿಸಂ ಇರುವ ಮಕ್ಕಳಿಗೆ ಸ್ಮಾರ್ಟ್ ಸೆನ್ಸರಿ ರೂಮ್’ ಅನ್ನೋದು ಆಗಾಗ ಕಾಣಿಸಿಕೊಳ್ಳುತ್ತೆ. ಒಳಗೇನಿದೆ ಅಂತ ಬ್ಲಾಕ್ ಡಯಾಗ್ರಂ ನೋಡದೆಯೇ ಹೇಳಬಹುದು: ಒಂದು ಆರ್ಡುಯಿನೋ, ಬಣ್ಣ ಬದಲಿಸುವ ಎಲ್‌ಇಡಿ ಸ್ಟ್ರಿಪ್, ಸ್ಪೀಕರ್, ಕೈಗೆ ಕಟ್ಟುವ ಪಲ್ಸ್ ಸೆನ್ಸರ್, ಮೇಲೊಂದು ಮೊಬೈಲ್ ಆ್ಯಪ್. ಮಗುವಿನ ನಾಡಿ ಏರಿದರೆ ದೀಪ ತಾನಾಗಿಯೇ ನೀಲಿಯಾಗುತ್ತೆ. ಉದ್ದೇಶ ಒಳ್ಳೆಯದೇ. ಆದರೆ ಆ ಮಗುವಿಗೆ ನಿಜವಾಗಿ ಬೇಕಾದ ಎರಡು ಸಂಗತಿಗಳೇ ಇದರಲ್ಲಿ ಬಿಟ್ಟುಹೋಗಿರುತ್ತವೆ. ಒಂದು, ಸುತ್ತಲಿನ ಸದ್ದು, ಬೆಳಕು, ವಾಸನೆ ಕಮ್ಮಿಯಾಗಬೇಕು. ಇನ್ನೊಂದು, ಸ್ವಿಚ್ಚು ಅದರ ಕೈಯಲ್ಲೇ ಇರಬೇಕು.

ಆಟಿಸಂ ಅಂದರೆ ಮೆದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ. ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು 2013ರಿಂದ ಅದರ ಅಧಿಕೃತ ಲಕ್ಷಣಗಳ ಪಟ್ಟಿಗೇ ಸೇರಿಸಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದೊಂದು ಚಾನೆಲ್‌ನ ಗೇನ್ ಒಂದೊಂದು ಥರ. ಒಂದೇ ಮಗುವಿಗೆ ಮಿಕ್ಸಿ ಸದ್ದು ಕಿವಿಗೆ ಮೊಳೆ ಹೊಡೆದ ಹಾಗಿರಬಹುದು, ಅದೇ ಮಗು ಸೋಫಾದಿಂದ ಇಪ್ಪತ್ತು ಸಲ ಧುಮುಕಿದರೂ ಸಾಕು ಅನ್ನದೇ ಇರಬಹುದು. ಕುಕ್ಕರ್ ಸೀಟಿ, ಒಗ್ಗರಣೆ ಘಾಟು, ಯೂನಿಫಾರ್ಮ್ ಕಾಲರಿನ ಲೇಬಲ್ಲು, ಟಿವಿ, ಎಲ್ಲ ಒಟ್ಟಿಗೆ ಸೇರಿ ಮಿತಿ ದಾಟಿದಾಗ ಮಗು ಕಿರುಚುತ್ತೆ, ಕೈ ಕಚ್ಚಿಕೊಳ್ಳುತ್ತೆ. ನೋಡಿದವರು ‘ಹಠ’ ಅಂತಾರೆ. ‘ಎರಡು ಬಿಟ್ಟರೆ ಸರಿಹೋಗುತ್ತೆ’ ಅಂತಲೂ ಅಂತಾರೆ. ಹುಬ್ಬಳ್ಳಿಯಲ್ಲಿರೋ ನಮ್ಮಕ್ಕ ತನ್ನ ಐದು ವರ್ಷದ ಮಗನ ಬಗ್ಗೆ ಮದುವೆ ಮನೆಗಳಲ್ಲಿ ಒಂದೇ ಮಾತನ್ನ ಎಷ್ಟು ಸಲ ಹೇಳಿದಾಳೋ: “ಅಂವಾ ಹಠ ಮಾಡಾಕತ್ತಿಲ್ಲ, ಅವಂಗ ಸಾಕಾಗೇತಿ.”

ಸಾಕಾದಾಗ ಹೋಗಿ ಕೂರೋಕೆ ಒಂದು ಜಾಗ ಬೇಕು, ಅಷ್ಟೇ. ಅದಕ್ಕೆ ಪ್ರತ್ಯೇಕ ರೂಮೇ ಬೇಕಂತಿಲ್ಲ. ಅಕ್ಕನದು ಒಂದು ಬೆಡ್‌ರೂಮಿನ ಬಾಡಿಗೆ ಮನೆ. ತಿಜೋರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹಳೇ ಗಾದಿ, ಮುಂದೆ ಕಾಟನ್ ಸೀರೆಯ ಪರದೆ. ಅಡುಗೆಮನೆಯಿಂದ ಅದೇ ಅತಿ ದೂರದ ಮೂಲೆ. ಜಾಗ ಆರಿಸೋವಾಗ ಈ ದೂರ ಮುಖ್ಯ. ಯಾಕೆಂದರೆ ಪರದೆ, ಗಾದಿ, ಜಮಖಾನೆಗಳು ಸದ್ದನ್ನು ಹೀರುತ್ತವೆಯೇ ಹೊರತು ತಡೆಯೋದಿಲ್ಲ. ಸಬೈನ್ ಸೂತ್ರ ನೆನಪಿದೆಯಲ್ವಾ? ಹೀರುವ ಮೇಲ್ಮೈ ಹೆಚ್ಚಾದಷ್ಟೂ ಅನುರಣನದ ಕಾಲ ಇಳಿಯುತ್ತೆ. ಟೈಲ್ಸ್ ಹಾಕಿದ ಖಾಲಿ ರೂಮಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ, ಆಮೇಲೆ ಬಟ್ಟೆ ತುಂಬಿದ ರೂಮಲ್ಲಿ ತಟ್ಟಿ, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತೆ. ಆದರೆ ಪಕ್ಕದ ಕೋಣೆಯ ಸೀಟಿಯನ್ನು ತಡೆಯೋಕೆ ಗೋಡೆಯೇ ಬೇಕು, ಇಲ್ಲಾ ವರ್ಕ್‌ಶಾಪಲ್ಲಿ ಹಾಕ್ಕೊಳ್ತಾರಲ್ಲ, ಆ ಥರದ ಇಯರ್‌ಮಫ್ ಮಕ್ಕಳ ಅಳತೆಯದ್ದು.

ಬೆಳಕಿನ ವಿಷಯದಲ್ಲಿ ನಾವು ಹೆಚ್ಚು ಎಚ್ಚರ ವಹಿಸಬೇಕು. ನಮ್ಮ ಮೇನ್ಸ್ 50 ಹರ್ಟ್ಜ್. ಹಳೇ ಚೋಕ್‌ನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಡ್ರೈವರ್ ಸರಿಯಿಲ್ಲದ ಅಗ್ಗದ ಎಲ್‌ಇಡಿಯೂ ಅಷ್ಟೇ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದರೆ ಆ ಮಿನುಗು ಎದ್ದು ಕಾಣುತ್ತೆ. ಇದನ್ನ ಕಂಡರೇ ಆಗದ ಮಕ್ಕಳಿರುತ್ತಾರೆ. ಮಂದವಾಗಿ ಒಂದೇ ಸಮ ಉರಿಯುವ ಹಳದಿ ದೀಪ ಸಾಕು. ಬಣ್ಣ ಬದಲಾಗುವ ಸ್ಟ್ರಿಪ್ ನಮಗೆ ಚಂದ, ಡೆಮೋ ದಿನ ಕೂಡ ಚಂದ. ಸಾಕಾಗಿ ಬಂದು ಕೂತ ಮಗುವಿಗೆ ಅದು ಇನ್ನೊಂದು ಇನ್‌ಪುಟ್ಟು.

ಭಾರದ ಹೊದಿಕೆಯದ್ದು ಬೇರೆಯೇ ಕಥೆ. ಮೈಮೇಲೆ ಸಮನಾಗಿ ಒತ್ತಡ ಬಿದ್ದರೆ ಹಲವರಿಗೆ ಹಾಯೆನಿಸುತ್ತೆ. ಅಕ್ಕನ ಮನೇಲಿ ಅಜ್ಜಿ ಹೊಲಿದ ಕೌದಿಯೇ ಆ ಕೆಲಸ ಮಾಡ್ತಿದೆ. ಹಾಗಂತ ಅದು ಔಷಧಿಯಲ್ಲ. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು 67 ಮಕ್ಕಳನ್ನು ಪರೀಕ್ಷಿಸಿತ್ತು. ಭಾರದ ಹೊದಿಕೆಯಿಂದ ನಿದ್ದೆಯ ಅವಧಿ ಹೆಚ್ಚಲಿಲ್ಲ, ಆದರೂ ಮಕ್ಕಳು ಇಷ್ಟಪಟ್ಟದ್ದು ಅದನ್ನೇ. ಅಪಾಯವೂ ಇದೆ. ಕೆನಡಾದ ಕ್ವಿಬೆಕ್‌ನಲ್ಲಿ 2008ರಲ್ಲಿ ಭಾರದ ಹೊದಿಕೆಯಲ್ಲಿ ಸುತ್ತಿಟ್ಟಿದ್ದ ಒಂಬತ್ತು ವರ್ಷದ ಬಾಲಕ ತೀರಿಕೊಂಡ. ಮಗು ತಾನೇ ಎತ್ತಿ ಬಿಸಾಡಬಹುದಾದಷ್ಟೇ ಭಾರವಿರಬೇಕು, ಮುಖ ಮುಚ್ಚಬಾರದು, ಯಾರೂ ಸುತ್ತಿ ಕಟ್ಟಬಾರದು. ಎಷ್ಟು ಭಾರ ಅನ್ನೋದನ್ನ ಆಕ್ಯುಪೇಷನಲ್ ಥೆರಪಿಸ್ಟ್ ಹೇಳಲಿ, ಯೂಟ್ಯೂಬ್ ಬೇಡ.

ಜೋಕಾಲಿ ಬೇಕು ಅನ್ನೋ ಮಕ್ಕಳೂ ಇದ್ದಾರೆ. ದಯವಿಟ್ಟು ಫ್ಯಾನಿನ ಹುಕ್ಕಿಗೆ ಕಟ್ಟಬೇಡಿ. 60 ಡಿಗ್ರಿಯಿಂದ ತೂಗಿ ಬರುವಾಗ ಕೆಳಬಿಂದುವಿನಲ್ಲಿ ಹಗ್ಗದ ಎಳೆತ ಮಗುವಿನ ತೂಕದ ಎರಡು ಪಟ್ಟು. 25 ಕೆಜಿ ಮಗು ಆ ಕ್ಷಣಕ್ಕೆ 50 ಕೆಜಿ. ಅದರ ಮೇಲೆ ಫ್ಯಾಕ್ಟರ್ ಆಫ್ ಸೇಫ್ಟಿ ನೀವೇ ಹಾಕ್ಕೊಳ್ಳಿ.

ಇನ್ನು ಸ್ವಿಚ್ಚಿನ ವಿಷಯ. ಸ್ವತಃ ಆಟಿಸಂ ಇರುವ ಅಮೆರಿಕದ ಟೆಂಪಲ್ ಗ್ರಾಂಡಿನ್ ಅವರಿಗೆ ಚಿಕ್ಕಂದಿನಲ್ಲಿ ಯಾರಾದರೂ ತಬ್ಬಿಕೊಂಡರೆ ತಡೆಯೋಕಾಗ್ತಿರಲಿಲ್ಲ. ಅರಿಜೋನಾದಲ್ಲಿ ಚಿಕ್ಕಮ್ಮನ ರ‍್ಯಾಂಚಿಗೆ ಹೋದಾಗ, ದನಗಳನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಚೌಕಟ್ಟು ಕಂಡರು. ಅದರೊಳಗೆ ಕೆಲವು ದನ ಶಾಂತವಾಗುವುದನ್ನು ಗಮನಿಸಿ, ಹದಿಹರೆಯದಲ್ಲೇ ತಮಗೂ ಅಂಥದೊಂದು ಯಂತ್ರ ಕಟ್ಟಿಕೊಂಡರು. ಒತ್ತಡ ಎಷ್ಟಿರಬೇಕು ಅಂತ ನಿರ್ಧರಿಸುವ ಲಿವರ್ ಅವರ ಕೈಯಲ್ಲೇ ಇತ್ತು. ತಬ್ಬುವ ನೆಂಟರಿಗೂ ಆ ಯಂತ್ರಕ್ಕೂ ಇದ್ದ ವ್ಯತ್ಯಾಸ ಅದು. ಕಾರ್ಡಿಫ್ ವಿಶ್ವವಿದ್ಯಾಲಯದವರು 41 ಮಕ್ಕಳನ್ನು ಸೆನ್ಸರಿ ರೂಮಿನಲ್ಲಿ ಗಮನಿಸಿದಾಗ ಕಂಡದ್ದೂ ಇದನ್ನೇ ಹೋಲುತ್ತೆ: ದೀಪ, ಸದ್ದುಗಳ ನಿಯಂತ್ರಣ ಮಕ್ಕಳ ಕೈಯಲ್ಲಿದ್ದಾಗ ಅವರ ಗಮನ ಹೆಚ್ಚಿತು, ಪದೇ ಪದೇ ಒಂದೇ ಚಲನೆ ಮಾಡುವುದು ತಗ್ಗಿತು. ಪಲ್ಸ್ ನೋಡಿ ತಾನೇ ದೀಪ ಬದಲಿಸುವ ಸಿಸ್ಟಮ್ ಕಿತ್ತುಕೊಳ್ಳೋದು ಇದನ್ನೇ.

ಮೂಲೆಗೂ ಅದೇ ಮಾತು. ಹೋಗೋದು, ಬರೋದು ಮಗುವಿನ ಇಷ್ಟ. ‘ತಪ್ಪು ಮಾಡಿದೆ, ಹೋಗಿ ಒಳಗೆ ಕೂರು’ ಅಂತ ಒಂದು ಸಲ ಅಂದರೂ ಅದು ಜೈಲಾಗುತ್ತೆ, ಆಮೇಲೆ ಎಂಥ ಗಾದಿ ಹಾಸಿದರೂ ಮಗು ಅಲ್ಲಿ ಕೂರಲ್ಲ. ಒಳಗೆ ಕೂತಾಗ ಮಾತಾಡಿಸೋದು, ‘ಊಟ ಬೇಕಾ, ನೀರು ಬೇಕಾ’ ಅಂತ ಇಣುಕೋದೂ ಬೇಡ. ನೆಂಟರಿಗೆ ಇದನ್ನ ತಿಳಿಸೋದೇ ದೊಡ್ಡ ಕೆಲಸ ಅಂತಾಳೆ ಅಕ್ಕ.

ಇಷ್ಟೆಲ್ಲ ಆದಮೇಲೂ ಪ್ರಾಜೆಕ್ಟ್ ಮಾಡಲೇಬೇಕು ಅನ್ನೋರಿಗೆ ಒಂದು ಐಡಿಯಾ. ಸೀಟಿಗಿಂತ ಹೆಚ್ಚು ಹೆದರಿಸೋದು ಅದು ಯಾವಾಗ ಕೂಗುತ್ತೋ ಗೊತ್ತಿಲ್ಲದಿರೋದು. ಕುಕ್ಕರ್ ಇಟ್ಟ ಕೂಡಲೇ ಒತ್ತೋಕೆ ಅಡುಗೆಮನೆಯಲ್ಲೊಂದು ಬಟನ್, ಮಗುವಿನ ಮೂಲೆಯಲ್ಲಿ ಹೊತ್ತೋಕೆ ಒಂದು ಪುಟ್ಟ ದೀಪ. ದೀಪ ಹೊತ್ತಿದರೆ ಸೀಟಿ ಬರುತ್ತೆ ಅಂತ ಮಗುವಿಗೆ ಗೊತ್ತು, ಇಯರ್‌ಮಫ್ ಹಾಕ್ಕೊಳ್ಳೋಕೆ ಟೈಮ್ ಇದೆ. ಇದಕ್ಕೆ ಮೈಕ್ರೋಕಂಟ್ರೋಲರ್ ಬೇಡ, ಬ್ಯಾಟರಿ ಮತ್ತು ಎರಡು ವೈರು ಸಾಕು. ಗೈಡ್ ಒಪ್ಪುತ್ತಾರಾ ಅಂತ ಮಾತ್ರ ಕೇಳಬೇಡಿ.