ಹಾಡಿನ ಹೆಸರು ಕೇಳಿದೆ, ಹೊತ್ತು ಹೇಳಿದರು!

ಅಜ್ಜಂಪುರದ ಕಡೆಯ ಒಂದು ಮದುವೆಮನೆ. ಹೆಣ್ಣನ್ನು ಹಸೆಗೆ ಕರೆಯುವ ಹೊತ್ತು. ನಾಲ್ವರು ಅಜ್ಜಿಯರು ಇಬ್ಬಿಬ್ಬರಾಗಿ ಕೂತು ಸೋಬಾನೆ ಎತ್ತಿದ್ದಾರೆ. ಈ ಜೋಡಿಯ ಸೊಲ್ಲು ಇನ್ನೂ ಇಳಿದಿರುವುದಿಲ್ಲ, ಆ ಜೋಡಿಯ ಗಂಟಲಲ್ಲಿ ಅದು ಮತ್ತೆ ಹುಟ್ಟಿರುತ್ತದೆ. ಉಸಿರು ಯಾವಾಗ ತೆಗೆದುಕೊಂಡರು ಎಂಬುದೇ ಗೊತ್ತಾಗುವುದಿಲ್ಲ!

"ಅಜ್ಜಿ, ಇದು ಯಾವ ಥರದ ಹಾಡು?" ಎಂದು ಕೇಳಿದೆ.

"ಹಸೆಗೆ ಕರೆಯೋದು ಕಣಪ್ಪ. ಅರಿಶಿಣ ಹಚ್ಚೋವಾಗ ಹೇಳೋದು ಬೇರೆ, ಬೀಗರನ್ನ ಆಡಿಕೊಳ್ಳೋದು ಬೇರೆ. ಹೊತ್ತಲ್ಲದ ಹೊತ್ತಲ್ಲಿ ಹೇಳಬಾರದು."

ನಾನು ಬೆರಗಾಗಿ ನಿಂತುಬಿಟ್ಟೆ. ಹಾಡಿಗೆ ಹೆಸರಿಡುವ ಇನ್ನೊಂದು ರೀತಿ ನೆನಪಾಯಿತು. 1987ರಲ್ಲಿ ಲಂಡನ್ನಿನ ಒಂದು ಪಬ್‌ನಲ್ಲಿ ರೆಕಾರ್ಡ್ ಕಂಪನಿಗಳವರು ಸಭೆ ಸೇರಿ 'ವರ್ಲ್ಡ್ ಮ್ಯೂಸಿಕ್' ಎಂಬ ಹೆಸರನ್ನು ಆರಿಸಿಕೊಂಡರು. ಆಫ್ರಿಕಾದ್ದೋ ಏಷ್ಯಾದ್ದೋ ರೆಕಾರ್ಡು ಬಂದರೆ ಅಂಗಡಿಯವರಿಗೆ ಯಾವ ಕಪಾಟಿನಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ, ಅದಕ್ಕೆ. ಬೆಂಗಳೂರಿನ ಆರ್.ಎ. ರಮಾಮಣಿ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ 'ಜ್ಯೋತಿ' ಎಂಬ ರೆಕಾರ್ಡು 1983ರಲ್ಲೇ ಬಂದಿತ್ತು. ಅದು ಜಾಝೋ, ಕರ್ನಾಟಕ ಸಂಗೀತವೋ? ಕಪಾಟು ಉತ್ತರ ಹೇಳಲಾರದು. ನಮ್ಮ ಅಜ್ಜಿಯ ಬಳಿ ಕಪಾಟೇ ಇಲ್ಲ, ಆದರೂ ಒಂದು ಹಾಡು ಇನ್ನೊಂದರ ಜೊತೆ ಕಲಸಿಹೋಗುವುದಿಲ್ಲ!

ಇದೇ ಗುಂಗಿನಲ್ಲಿ 'ಮಾನಸೋಲ್ಲಾಸ' ತೆರೆದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ಬರೆದ ನೂರು ಅಧ್ಯಾಯಗಳ ಗ್ರಂಥ ಅದು. ಅದರ ಗೀತವಿನೋದದಲ್ಲಿ ದೊರೆ ಹಾಡುಗಳನ್ನು ಹೇಗೆ ವಿಂಗಡಿಸುತ್ತಾನೆ ನೋಡಿ: ಕಥೆ ಹೇಳಲು ಷಟ್ಪದಿ, ಮದುವೆಗೆ ಧವಳ, ಉತ್ಸವಕ್ಕೆ ಮಂಗಳ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ. ಮೈ ಜುಮ್ಮೆಂದಿತು. ಒಂಬೈನೂರು ವರ್ಷದ ಹಿಂದಿನ ರಾಜನ ಲೆಕ್ಕವೂ ಅಜ್ಜಂಪುರದ ಅಜ್ಜಿಯ ಲೆಕ್ಕವೂ ಒಂದೇ!

ಇನ್ನೂ ಇದೆ. ಕಥೆಗೆ ಷಟ್ಪದಿ ಎಂದನಲ್ಲ, ಕಡೂರು ತಾಲ್ಲೂಕಿನ ದೇವನೂರಿಗೆ ಬನ್ನಿ. ಲಕ್ಷ್ಮೀಶ ಕವಿಯ ಊರು. ಸೋಮೇಶ್ವರನಾದ ಎಷ್ಟೋ ಶತಮಾನದ ಮೇಲೆ ಆತ 'ಜೈಮಿನಿ ಭಾರತ'ವನ್ನು ಇಡಿಯಾಗಿ ವಾರ್ಧಕ ಷಟ್ಪದಿಯಲ್ಲೇ ಕಟ್ಟಿದ. ಗಮಕಿಗಳು ಇವತ್ತಿಗೂ ಅದನ್ನು ರಾಗ ಹಚ್ಚಿ ಓದುತ್ತಾರೆ. ಅದನ್ನು ಸಾಹಿತ್ಯ ಎನ್ನುತ್ತೀರೋ, ಸಂಗೀತ ಎನ್ನುತ್ತೀರೋ? ನನಗಂತೂ ಎರಡೂ ಹೌದು.

ಬೀರೂರಿನ ಮೈಲಾರಲಿಂಗನ ಸನ್ನಿಧಿಯಲ್ಲಿ ಗೊರವರ ಡಮರು, ತರೀಕೆರೆ ಕಡೆಯ ಊರಹಬ್ಬಗಳಲ್ಲಿ ವೀರಗಾಸೆಯ ಕರಡೆ, ಸಂಬಾಳ. ವೀರಗಾಸೆಯಲ್ಲಿ ಒಡಪು ಹೇಳುವಾಗ ವಾದ್ಯ ಗಪ್ಪನೆ ನಿಲ್ಲುತ್ತದೆ, ಮುಗಿದದ್ದೇ ತಡ ಸಿಡಿಲಿನಂತೆ ಬಂದು ಬೀಳುತ್ತದೆ. ಇವುಗಳಿಗೂ ದೇವರಿದೆ, ದಿನವಿದೆ, ಒಕ್ಕಲಿದೆ. ಎಲ್ಲವನ್ನೂ ಒಟ್ಟುಗೂಡಿಸಿ 'ಜಾನಪದ' ಎಂದು ಒಂದೇ ಮೂಟೆ ಕಟ್ಟಿದವರು ನಾವು, ಓದಿಕೊಂಡವರು. ಅದು ತಪ್ಪು.

ಈ ಸಲ ಊರಿನ ಮದುವೆಗೆ ಹೋದರೆ ಧ್ವನಿವರ್ಧಕ ಹಚ್ಚುವ ಮುಂಚೆ ಅಜ್ಜಿಯರ ಪಕ್ಕ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆದರೆ ಅದಕ್ಕೆ 'ಜನಪದ ಗೀತೆ' ಎಂದು ಹೆಸರಿಡಬೇಡಿ. ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ಹೇಳಿದ್ದು ಎಂದು ಅವರನ್ನೇ ಕೇಳಿ ಬರೆದಿಡಿ.