ಹೊಸ ಪಿಸಿಗೆ ಹಳೇ ಗೇಮ್: ಮೊದಲು ಏನು ಕಾಪಿ ಮಾಡ್ಬೇಕು?

ಚನ್ನರಾಯಪಟ್ಟಣದ ನಮ್ಮ ಮನೇಲಿ ಇಂಟರ್‌ನೆಟ್ 20 ಎಂಬಿಪಿಎಸ್. 100 ಜಿಬಿ ಗೇಮ್ ಇಳಿಯೋಕೆ 11 ಗಂಟೆ. ಅದೂ ಕರೆಂಟ್ ಹೋಗದಿದ್ದರೆ.

ಹೊಸ ಪಿಸಿ ಬಂದಾಗ ಡೌನ್‌ಲೋಡ್ ಗೋಜಿಗೇ ಹೋಗಲಿಲ್ಲ. ಸ್ಟೀಮ್ ಮುಚ್ಚಿ, ಹಳೇ ಪಿಸಿಯ 'ಸ್ಟೀಮ್‌ಆಪ್ಸ್' ಫೋಲ್ಡರನ್ನು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಹೊಸದರಲ್ಲಿ ಸ್ಟೀಮ್ ಹಾಕಿ ಅದೇ ಜಾಗಕ್ಕಿಟ್ಟೆ. ಫೈಲ್ ವೆರಿಫೈ ಕೊಟ್ಟರೆ ಕೊರತೆಯಿರೋದಷ್ಟೇ ಇಳಿಯುತ್ತೆ. ಎರಡೂ ಪಿಸಿ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ, 2023ರಲ್ಲಿ ಸ್ಟೀಮ್ ತಂದ ಲೋಕಲ್ ಟ್ರಾನ್ಸ್‌ಫರೂ ಇದೆ.

ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡೋದರಲ್ಲಿದ್ದೆ. ತಮ್ಮ ಕೂಗಿದ: "ಅಣ್ಣಾ, ಗೇಮ್ ಮೊದಲಿಂದ ಶುರುವಾಗ್ತಿದೆ!"

ಎಷ್ಟೋ ಗೇಮ್‌ಗಳ ಸೇವ್ ಫೈಲ್ ಇರೋದು ಡಾಕ್ಯುಮೆಂಟ್ಸ್ ಅಥವಾ ಆಪ್‌ಡೇಟಾದಲ್ಲಿ. ಕ್ಲೌಡ್ ಸೇವ್ ಎಲ್ಲ ಗೇಮ್‌ಗೂ ಇಲ್ಲ. ಗೇಮ್ ಮತ್ತೆ ಸಿಗುತ್ತೆ. ಪಿಯುಸಿ ರಜೆ ಪೂರ್ತಿ ಅವನು ಆಡಿದ್ದು ಸಿಗಲ್ಲ. ಕೆಲವೇ ಎಂಬಿ. ಮೊದಲು ಅದನ್ನೇ ಕಾಪಿ ಮಾಡಿ.