ಒಣ ಮಂಜಿನ ಯಂತ್ರ: ಕಾಣದ ಅನಿಲದ ಮೇಲಿರಲಿ ಕಣ್ಣು

1840ರ ಕೊನೆಯ ದಿನಗಳು. ಪ್ಯಾರಿಸ್ಸಿನ ಔಷಧ ವಿಜ್ಞಾನ ಶಾಲೆಯಲ್ಲಿ ಓಸ್ಮಿನ್ ಹೆರ್ವಿ ಎಂಬ ಪ್ರಯೋಗಾಲಯ ಸಹಾಯಕ ಇಂಗಾಲದ ಡೈ ಆಕ್ಸೈಡನ್ನು ದ್ರವವಾಗಿಸುತ್ತಿದ್ದ. ಎರಕದ ಕಬ್ಬಿಣದ ಪಾತ್ರೆ ಒತ್ತಡ ತಾಳಲಾರದೆ ಸಿಡಿಯಿತು. ಹೆರ್ವಿ ಬದುಕುಳಿಯಲಿಲ್ಲ. ಫ್ರಾನ್ಸಿನ ತಿಲೋರಿಯೆ 1835ರಲ್ಲಿ ಮೊದಲ ಬಾರಿಗೆ ಘನ ಇಂಗಾಲದ ಡೈ ಆಕ್ಸೈಡನ್ನು, ಅಂದರೆ ಇಂದಿನ 'ಡ್ರೈ ಐಸ್' ಅಥವಾ ಒಣ ಮಂಜನ್ನು, ಜಗತ್ತಿಗೆ ತೋರಿಸಿದ್ದು ಇಂಥದೇ ಉಪಕರಣದಿಂದ.

ಇಂದು ಐಸ್‌ಕ್ರೀಮ್, ಮೀನು, ಲಸಿಕೆಗಳ ಸಾಗಣೆಗೆ, ಮದುವೆ ವೇದಿಕೆಯ ಬಿಳಿ ಹೊಗೆಗೆ ಒಣ ಮಂಜು ಬೇಕು. ಐಟಿಐ, ಡಿಪ್ಲೊಮಾ ಮುಗಿಸಿದ ಮಕ್ಕಳು ಇಂಥ ಯಂತ್ರದ ಮುಂದೆ ತರಬೇತಿಗೆ ನಿಲ್ಲಬಹುದು. ಅವರೂ ಅವರ ಹೆತ್ತವರೂ ಅರಿತಿರಬೇಕಾದ ಸಂಗತಿ ಒಂದಿದೆ: ಇಲ್ಲಿ ಕಾಣುವ ಚಳಿಗಿಂತ ಕಾಣದ ಅನಿಲವೇ ಹೆಚ್ಚು ಅಪಾಯಕಾರಿ.

ಯಂತ್ರದೊಳಗೆ ನಡೆಯುವುದೇನು?

ಟ್ಯಾಂಕಿನಲ್ಲಿ ಸುಮಾರು 20 ಪಟ್ಟು ವಾಯು ಒತ್ತಡದಲ್ಲಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವ ಇಂಗಾಲದ ಡೈ ಆಕ್ಸೈಡ್ ಇರುತ್ತದೆ. ಅದನ್ನು ಯಂತ್ರದ ಕೋಣೆಗೆ ಬಿಟ್ಟೊಡನೆ ಒತ್ತಡ ಕುಸಿದು, ಒಂದು ಪಾಲು ಅನಿಲವಾಗಿ ಹಾರುತ್ತದೆ; ಉಳಿದದ್ದು ಮೈನಸ್ 78.5 ಡಿಗ್ರಿಯ ಹಿಮದ ಪುಡಿಯಾಗುತ್ತದೆ. ಹೈಡ್ರಾಲಿಕ್ ಪಿಸ್ಟನ್ ಆ ಪುಡಿಯನ್ನು ಒತ್ತಿ ಗುಳಿಗೆ ಅಥವಾ ಗಟ್ಟಿ ಮಾಡುತ್ತದೆ.

ಹಿಮವಾಗುವುದು ದ್ರವದ ಅರ್ಧಕ್ಕಿಂತಲೂ ಕಡಿಮೆ. ಎಂದರೆ 100 ಕೆ.ಜಿ. ಒಣ ಮಂಜು ತಯಾರಾಗುವಾಗ 100 ಕೆ.ಜಿ.ಗೂ ಹೆಚ್ಚು ಅನಿಲ ಹೊರಬರುತ್ತದೆ. ಅದರ ಗಾತ್ರ 54 ಘನ ಮೀಟರಿಗೂ ಅಧಿಕ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯ ಗಾತ್ರವೇ 60 ಘನ ಮೀಟರ್! ಈ ಅನಿಲವನ್ನು ಕೊಳವೆಯ ಮೂಲಕ ಕಟ್ಟಡದ ಹೊರಗೆ ಕಳಿಸಬೇಕು, ಇಲ್ಲವೇ ಹಿಡಿದು ಮತ್ತೆ ದ್ರವವಾಗಿಸಬೇಕು.

ಮೂಗಿಗೆ ತಿಳಿಯದು

ಬಿಳಿ ಹೊಗೆಯಂತೆ ಕಾಣುವುದು ಗಾಳಿಯ ತೇವ ತಣಿದು ಆದ ಮಂಜು, ಅಷ್ಟೆ. ಇಂಗಾಲದ ಡೈ ಆಕ್ಸೈಡ್ ಕಣ್ಣಿಗೆ ಕಾಣದು. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ನೆಲಮಾಳಿಗೆ, ಗುಂಡಿಗಳಲ್ಲಿ ತುಂಬಿಕೊಳ್ಳುತ್ತದೆ. ದಿನದ ಎಂಟು ಗಂಟೆ ಕೆಲಸಕ್ಕೆ ಒಪ್ಪಿತ ಮಿತಿ ಶೇ 0.5. ಶೇ 4 ದಾಟಿದರೆ ಜೀವಕ್ಕೇ ಅಪಾಯ. ಶೇ 10ರಲ್ಲಿ ಬೇಗನೆ ಪ್ರಜ್ಞೆ ತಪ್ಪುತ್ತದೆ.

'ಆಮ್ಲಜನಕದ ಮಾಪಕವಿದೆಯಲ್ಲ' ಎನ್ನುವುದು ಇಲ್ಲಿ ಸಲ್ಲದು. ಈ ಅನಿಲ ಶೇ 5ರಷ್ಟು ಸೇರಿದಾಗಲೂ ಗಾಳಿಯ ಆಮ್ಲಜನಕ ಶೇ 20ರ ಆಸುಪಾಸಿನಲ್ಲೇ ಇರುವುದರಿಂದ ಮಾಪಕ ಸುಮ್ಮನಿರುತ್ತದೆ. ಇಂಗಾಲದ ಡೈ ಆಕ್ಸೈಡನ್ನೇ ಅಳೆಯುವ ಮಾಪಕ ಬೇಕು. ಗಂಟೆ ಬಾರಿಸಿದರೆ ಹೊರಗೆ ನಡೆಯಬೇಕು. ಒಳಗೆ ಯಾರಾದರೂ ಕುಸಿದಿದ್ದರೂ ಉಸಿರಾಟದ ಉಪಕರಣವಿಲ್ಲದೆ ನುಗ್ಗಬಾರದು, ನುಗ್ಗಿದವರೂ ಬೀಳುತ್ತಾರೆ.

ಕೊಳವೆಯ ಮೋಸ

ಒತ್ತಡ ವಾಯು ಒತ್ತಡದ ಐದು ಪಟ್ಟಿಗಿಂತ ಸ್ವಲ್ಪ ಮೇಲಿನ ಮಿತಿಯಿಂದ ಕೆಳಗಿಳಿದರೆ ಕೊಳವೆಯಲ್ಲಿ ಉಳಿದ ದ್ರವ ಗಟ್ಟಿಯಾಗಿ ಬಿರಡೆಯಂತೆ ಕೂರುತ್ತದೆ. ಕೊಳವೆ ಖಾಲಿಯೆಂದು ಬಿಚ್ಚಿದರೆ ಹಿಂದಿನ ಒತ್ತಡಕ್ಕೆ ಆ ಬಿರಡೆ ಗುಂಡಿನಂತೆ ಹಾರೀತು. ಎರಡು ಕವಾಟಗಳ ನಡುವೆ ದ್ರವ ಸಿಕ್ಕಿಕೊಂಡರೆ ಬಿಸಿಯಾಗಿ ಕೊಳವೆಯನ್ನೇ ಒಡೆಯಬಲ್ಲದು. ಅಲ್ಲಿ ಸುರಕ್ಷಾ ಕವಾಟ ಇರಲೇಬೇಕು. ಗುಳಿಗೆ ಕಟ್ಟಿಕೊಂಡಿತೆಂದು ಚಲಿಸುವ ಯಂತ್ರಕ್ಕೆ ಕೈ ಹಾಕುವುದು ಬೆರಳು ಕಳೆದುಕೊಳ್ಳುವ ದಾರಿ. ಮೊದಲು ವಿದ್ಯುತ್ ಕಡಿದು, ಬೀಗ ಹಾಕಿ, ಒತ್ತಡ ಇಳಿಸಿ, ಬಳಿಕ ಮುಟ್ಟಬೇಕು. ಚಳಿ ತಡೆಯುವ ಕೈಗವಸು, ಕನ್ನಡಕ ತಪ್ಪದೆ ಧರಿಸಬೇಕು.

ಮನೆಯಲ್ಲೂ ಎಚ್ಚರ

2020ರ ಫೆಬ್ರುವರಿಯಲ್ಲಿ ಮಾಸ್ಕೋದ ಹುಟ್ಟುಹಬ್ಬವೊಂದರಲ್ಲಿ ಹೊಗೆಯ ಮೋಜಿಗೆಂದು ಒಳಾಂಗಣದ ಕೊಳಕ್ಕೆ ಒಣ ಮಂಜು ಸುರಿದಾಗ ಮೂವರು ಸತ್ತರು. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಬಾಯಿ ಪರಿಮಳದ ವಸ್ತುವೆಂದು ಇದನ್ನು ತಿಂದ ಐವರು ಆಸ್ಪತ್ರೆ ಸೇರಿದರು. ಮುಚ್ಚಳ ಬಿಗಿದ ಬಾಟಲಿಯಲ್ಲಿಟ್ಟರೆ ಇದು ಬಾಂಬಿನಂತೆ ಸಿಡಿಯುತ್ತದೆ.

ಮಗ, ಮಗಳು ತರಬೇತಿಗೆ ಹೊರಟಾಗ ಹೆತ್ತವರು ಸಂಬಳದ ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳಲಿ: ಅನಿಲ ಹೋಗುವುದೆಲ್ಲಿಗೆ? ಅದನ್ನು ಅಳೆಯುವ ಮಾಪಕ ಎಲ್ಲಿದೆ? ಉತ್ತರ ಸಿಗದ ಕಡೆ ಯಂತ್ರದ ಗುಂಡಿ ಒತ್ತದಿರುವುದೇ ಜಾಣತನ.